ತಾಯಿಬಳಿಯ ಗುರುತು: ಕಾಡುಭತ್ತಗಳೂ ಅವುಗಳ ಕ್ಲೋರೋಪ್ಲಾಸ್ಟ್ ಜೀನೋಮೂ

(ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಭಾದ್ರಪದ ಕಳೆದು ಗದ್ದೆಗಳಲ್ಲಿ ಭತ್ತ ಹೊಡೆ ತುಂಬುವ ಹೊತ್ತಿಗೆ ಕೆರೆಯಂಚಿನ ಕೆಸರಿನಲ್ಲಿಯೂ ಕಾಲುವೆಯ ಮಗ್ಗುಲಿನಲ್ಲಿಯೂ ಒಂದು ಹುಲ್ಲು ಸದ್ದಿಲ್ಲದೆ ತೆನೆ ಹೊರಡಿಸುತ್ತದೆ. ಎಲೆ ಭತ್ತದ್ದೇ, ಬುಡ ಭತ್ತದ್ದೇ, ತೆನೆಯೂ ಹೆಚ್ಚುಕಡಿಮೆ ಭತ್ತದ್ದೇ. ಆದರೆ ಕಾಳಿಗೆ ಉದ್ದನೆಯ ಮೀಸೆ. ಮುಟ್ಟಿದರೆ ಸಾಕು, ಕಾಳು ಉದುರಿ ನೀರಿಗೆ ಬೀಳುತ್ತದೆ. ಕಳೆ ಕೀಳುವ ಹೆಂಗಸರಿಗೆ ಇದರ ಗುರುತು ಚೆನ್ನಾಗಿ ಇದೆ. ಪುಸ್ತಕದ ವಿಜ್ಞಾನಕ್ಕೆ ಮಾತ್ರ ಇದರ ಗುರುತು ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲವೆಂದರೆ ಕೇಳುವವರಿಗೆ ಆಶ್ಚರ್ಯವಾಗಬಹುದು. ಇಂದಿನ ಉಪನ್ಯಾಸದ ವಿಷಯ ಆ ಗುರುತಿನದೇ.

ಸಂಸ್ಕೃತದಲ್ಲಿ ಇದಕ್ಕೆ ನೀವಾರ ಎಂದು ಹೆಸರು. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನು ಆಶ್ರಮ ಸಮೀಪಿಸಿತೆಂದು ತಿಳಿಯುವುದಕ್ಕೆ ಕಾರಣವಾದ ಕುರುಹುಗಳಲ್ಲಿ ಗಿಳಿಗಳ ಪೊಟರೆಯಿಂದ ಮರದ ಬುಡಕ್ಕೆ ಉದುರಿದ ನೀವಾರದ ಕಾಳುಗಳೂ ಸೇರಿವೆ. ಪೂಜೆಯ ವೇಳೆ ನಾರಾಯಣ ಸೂಕ್ತವನ್ನು ಕೇಳುವವರು ಅಲ್ಲಿ ಸೂಕ್ಷ್ಮತೆಗೆ ಉಪಮಾನವಾಗಿ ಬರುವುದು ಇದೇ ಕಾಳಿನ ಮೀಸೆಯ ತುದಿ ಎಂಬುದನ್ನು ಗಮನಿಸಬಹುದು. ಉತ್ತರ ಪ್ರದೇಶದಲ್ಲಿ ಈ ಅಕ್ಕಿಯನ್ನು ತಿನ್ನಿ ಎಂದು ಕರೆದು ಉಪವಾಸದ ದಿನಗಳಲ್ಲಿ ಉಣ್ಣುತ್ತಾರೆ. ನೇಗಿಲು ತಾಗದ ನೆಲದಲ್ಲಿ ತಾನಾಗಿ ಬೆಳೆದುದರಿಂದ ಅದು ವ್ರತಕ್ಕೆ ಸಲ್ಲುತ್ತದೆ. ಒಂದು ಕಡೆ ವ್ರತದ ಅನ್ನ, ಇನ್ನೊಂದು ಕಡೆ ಕಿತ್ತು ಹಾಳಿಯ ಮೇಲೆ ಎಸೆಯುವ ಕಳೆ. ಹುಲ್ಲು ಒಂದೇ.

ಒಂದೇ ಎಂಬ ಮಾತಿನಲ್ಲಿಯೇ ತೊಡಕು ಇದೆ. ಭಾರತದ ಕಾಡುಭತ್ತಗಳು ಒಂದೇ ಪ್ರಭೇದದವಲ್ಲ. ಒರೈಸಾ ರೂಫಿಪೋಗಾನ್ ಎಂಬುದು ವರ್ಷವಿಡೀ ನೀರು ನಿಲ್ಲುವ ಆಳದ ಜಾಗಗಳಲ್ಲಿ ಬೆಳೆಯುವ ಬಹುವಾರ್ಷಿಕ. ಅದರ ದಂಟು ನೀರಿನ ಮೇಲೆ ತೇಲಿ ಗೆಣ್ಣುಗೆಣ್ಣಿನಲ್ಲಿ ಬೇರು ಬಿಡುತ್ತದೆ. ಹೂವಿನ ಪರಾಗಕೋಶಗಳು ಉದ್ದವಾಗಿರುತ್ತವೆ. ಒರೈಸಾ ನಿವಾರಾ ಎಂಬುದು ಬೇಸಿಗೆಯಲ್ಲಿ ಬತ್ತುವ ಹೊಂಡಗಳಲ್ಲಿ ಮಳೆಯೊಂದಿಗೆ ಹುಟ್ಟಿ, ಕಾಳು ಉದುರಿಸಿ ಸಾಯುವ ವಾರ್ಷಿಕ. ಪರಾಗಕೋಶ ಗಿಡ್ಡ, ತೆನೆ ಒತ್ತಾದದ್ದು, ಬಹುಮಟ್ಟಿಗೆ ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುವಂಥದು. ಇದಕ್ಕೆ ಪ್ರತ್ಯೇಕ ಪ್ರಭೇದದ ಸ್ಥಾನ ಕೊಟ್ಟವರು ಭಾರತೀಯ ವಿಜ್ಞಾನಿಗಳಾದ ಶರ್ಮ ಮತ್ತು ಶಾಸ್ತ್ರಿ, 1965ರಲ್ಲಿ. ಇವೆರಡೂ ನೀರಿನ ಬದಿಯವು. ಘಟ್ಟದ ಕಾಡಿನ ನೆರಳಿನಲ್ಲಿ, ನೀರು ನಿಲ್ಲದ ಇಳಿಜಾರಿನ ನೆಲದಲ್ಲಿ ಬೆಳೆಯುವ ಒರೈಸಾ ಗ್ರಾನ್ಯುಲೇಟಾ ಬೇರೆಯೇ ಒಂದು ಕವಲು. ಗಿಡ ಗಿಡ್ಡ, ಕಾಳಿಗೆ ಮೀಸೆಯಿಲ್ಲ, ಸಿಪ್ಪೆ ಮುಟ್ಟಿದರೆ ಮರಳುಮರಳು. ಹಳ್ಳದ ಬದಿಯ ಒರೈಸಾ ಅಫಿಸಿನಾಲಿಸ್ ಇನ್ನೊಂದು. ಕೇರಳದ ಮಲಂಪುಳದಿಂದ 1958ರಲ್ಲಿ ವರ್ಣಿಸಲಾದ ಒರೈಸಾ ಮಲಂಪುಳೆನ್ಸಿಸ್ ಮತ್ತೊಂದು. ಸಾಗುವಳಿ ಭತ್ತಕ್ಕೆ 24 ವರ್ಣತಂತುಗಳಿದ್ದರೆ ಇದಕ್ಕೆ 48.

ಗ್ರಾನ್ಯುಲೇಟಾವನ್ನು ನಿವಾರಾದಿಂದ ಬೇರ್ಪಡಿಸಲು ಯಾವ ಪ್ರಯೋಗಾಲಯವೂ ಬೇಡ. ಕಣ್ಣೂ ಬೆರಳೂ ಸಾಕು. ಕಷ್ಟವಿರುವುದು ನಿವಾರಾ, ರೂಫಿಪೋಗಾನ್ ಹಾಗೂ ಗದ್ದೆಯ ಭತ್ತ, ಈ ಮೂರರ ನಡುವೆ. ಇವು ಪರಸ್ಪರ ಕೂಡುತ್ತವೆ. ಕೂಡಿ ಹುಟ್ಟಿದ ಗಿಡಗಳೂ ಕಾಳು ಕಟ್ಟುತ್ತವೆ. ಹೊಂಡ ಆಳವೋ ತೆಳುವೋ ಎಂಬುದರ ಮೇಲೆ ಗಿಡದ ರೂಪವೇ ಬದಲಾಗುತ್ತದೆ. ಎರಡು ಹೊಂಡಗಳ ನಡುವಿನ ತಗ್ಗಿನಲ್ಲಿ ಬೆಳೆದ ಗಿಡವನ್ನು ತೋರಿಸಿ ಇದು ಯಾವುದೆಂದು ಕೇಳಿದರೆ ಇಬ್ಬರು ತಜ್ಞರು ಮೂರು ಉತ್ತರ ಕೊಟ್ಟಾರು. ನಿವಾರಾ ಬೇರೆ ಪ್ರಭೇದವೇ ಅಲ್ಲ, ರೂಫಿಪೋಗಾನಿನ ಒಂದು ವಾರ್ಷಿಕ ರೂಪ ಮಾತ್ರ ಎನ್ನುವವರೂ ಇದ್ದಾರೆ.

ಹೆಸರಿನ ಈ ಜಗಳದಿಂದ ರೈತನಿಗೆ ಏನಾಗಬೇಕು ಎಂದು ಕೇಳುವುದು ನ್ಯಾಯವೇ. ಉತ್ತರಕ್ಕೆ 1970ರ ದಶಕಕ್ಕೆ ಹೋಗಬೇಕು. ಆಗ ಏಷ್ಯಾದ ಹೊಸ ತಳಿಗಳ ಗದ್ದೆಗಳಿಗೆ ಹುಲ್ಲುಕುಳ್ಳು ನಂಜುರೋಗ ಬಿದ್ದಿತು. ಕಂದು ಜಿಗಿಹುಳು ಹರಡುವ ಈ ರೋಗ ತಗುಲಿದ ಗಿಡ ಕುಳ್ಳಾಗಿ, ಹುಲ್ಲಿನ ಹಿಂಡಿನಂತೆ ಕವಲೊಡೆದು, ತೆನೆಯಿಲ್ಲದೆ ನಿಲ್ಲುತ್ತದೆ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಆರು ಸಾವಿರಕ್ಕೂ ಮಿಗಿಲಾದ ಮಾದರಿಗಳನ್ನು ಪರೀಕ್ಷಿಸಿದಾಗ ರೋಗವನ್ನು ಎದುರಿಸಿ ನಿಂತದ್ದು ಒಂದೇ ಒಂದು. ಅದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ ನಿವಾರಾ. ಗುರುದೇವ್ ಖುಷ್ ಮತ್ತು ಸಂಗಡಿಗರು ಆ ಗುಣವನ್ನು ಸಾಗುವಳಿ ಭತ್ತಕ್ಕೆ ತಂದರು. 1976ರಲ್ಲಿ ಬಿಡುಗಡೆಯಾದ ಐಆರ್ 36 ತಳಿಯ ರಕ್ತದಲ್ಲಿ ಆ ಹುಲ್ಲಿನ ಪಾಲು ಇದೆ. ಮುಂದೆ ಅದು ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ಬೆಳೆಯಿತು. ಅದೇ ಪ್ರಭೇದದ ಬೇರೆ ಮಾದರಿಗಳಲ್ಲಿ ಆ ಗುಣ ದೊರೆಯಲಿಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಪ್ರಭೇದದ ಹೆಸರು ಉಳಿದರೆ ಸಾಲದು. ಯಾವ ಹೊಂಡದ ಯಾವ ಬುಡ ಎಂಬುದು ಉಳಿಯಬೇಕು. ದುಂಡಾಣು ಎಲೆಮಚ್ಚೆ ರೋಗವನ್ನು ತಡೆಯುವ ಎಕ್ಸ್‌ಎ 21 ಎಂಬ ಜೀನ್ ಆಫ್ರಿಕದ ಕಾಡುಭತ್ತವಾದ ಒರೈಸಾ ಲಾಂಜಿಸ್ಟಾಮಿನೇಟಾದಿಂದ ಬಂದದ್ದು. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಯಲ್ಲಿ ಅದು ಇದೆ. ಕಂದು ಜಿಗಿಹುಳುವನ್ನು ತಡೆಯುವ ಗುಣಗಳನ್ನು ಅಫಿಸಿನಾಲಿಸಿನಿಂದ ತಂದಿದ್ದಾರೆ. ಕಳೆಯೆಂದು ಎಸೆದ ಹುಲ್ಲಿನ ಸಾಲ ಅಕ್ಕಿ ಉಣ್ಣುವವರೆಲ್ಲರ ಮೇಲಿದೆ.

ಇನ್ನು ಗುರುತಿನ ಉಪಾಯಕ್ಕೆ ಬರಬಹುದು.

ಎಲೆಯ ಹಸಿರು ಇರುವುದು ಜೀವಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಕಣಗಳಲ್ಲಿ. ನೂರು ಕೋಟಿ ವರ್ಷಗಳಿಗೂ ಹಿಂದೆ ಬಿಸಿಲನ್ನು ಉಣ್ಣಬಲ್ಲ ಒಂದು ಸೂಕ್ಷ್ಮಜೀವಿ ಮತ್ತೊಂದು ಜೀವಕೋಶದ ಒಳಹೊಕ್ಕು ಅಲ್ಲಿಯೇ ನೆಲೆಸಿತು. ಅದರ ಸಂತತಿಯೇ ಈ ಕಣಗಳು. ಒಕ್ಕಲಾಗಿ ಬಂದವನು ತನ್ನ ಗಂಟನ್ನೂ ತಂದಿರುವಂತೆ ಇವು ತಮ್ಮದೇ ಆದ ಡಿಎನ್‌ಎಯನ್ನು ಉಳಿಸಿಕೊಂಡಿವೆ. ಕಾಲಾಂತರದಲ್ಲಿ ಗಂಟಿನ ಬಹುಪಾಲು ಯಜಮಾನನ ಮನೆಗೆ, ಅಂದರೆ ಕೋಶಕೇಂದ್ರಕ್ಕೆ, ಸೇರಿಹೋಗಿದೆ. ಉಳಿದಿರುವುದು ಸುಮಾರು ನೂರಹತ್ತು ಬಗೆಯ ಜೀನುಗಳುಳ್ಳ, ಬಳೆಯಂತೆ ಸುತ್ತಿಕೊಂಡ ಒಂದು ಸಣ್ಣ ಸುರುಳಿ. ಅದೇ ಕ್ಲೋರೋಪ್ಲಾಸ್ಟ್ ಜೀನೋಮ್.

ಸಣ್ಣದೆಂದರೆ ಎಷ್ಟು? ಡಿಎನ್‌ಎಯನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥವೆಂದು ತಿಳಿದರೆ ಭತ್ತದ ಕೋಶಕೇಂದ್ರದ ಗ್ರಂಥಕ್ಕೆ ಸುಮಾರು 38 ಕೋಟಿ 90 ಲಕ್ಷ ಅಕ್ಷರಗಳು. ಅದರ ಓದು 2005ರಲ್ಲಿ ಪ್ರಕಟವಾಯಿತು. ಕ್ಲೋರೋಪ್ಲಾಸ್ಟಿನದು 1,34,525 ಅಕ್ಷರಗಳು ಮಾತ್ರ. ಇದನ್ನು ಜಪಾನಿನ ವಿಜ್ಞಾನಿಗಳು 1989ರಷ್ಟು ಹಿಂದೆಯೇ ಓದಿ ಮುಗಿಸಿದರು. ಆಗಿನ್ನೂ ಅಕ್ಷರ ಓದುವುದು ತಿಂಗಳುಗಟ್ಟಲೆಯ ಕೈಕೆಲಸವಾಗಿತ್ತು. ಅದಕ್ಕೂ ಮೊದಲು ಪೂರ್ಣವಾಗಿ ಓದಲಾಗಿದ್ದವು ತಂಬಾಕು ಮತ್ತು ಮಾರ್ಕಾಂಶಿಯಾ ಎಂಬ ಹಾವಸೆಯ ಜಾತಿಯ ಗಿಡ, ಎರಡೂ 1986ರಲ್ಲಿ. ತಂಬಾಕಿನೊಂದಿಗೆ ಹೋಲಿಸಿದಾಗ ಭತ್ತದ ಸುರುಳಿಯಲ್ಲಿ ಮೂರು ಕಡೆ ತುಂಡುಗಳು ತಲೆಕೆಳಗಾಗಿ ಕೂತಿರುವುದು ಕಂಡಿತು. ಹುಲ್ಲಿನ ಕುಟುಂಬದ ಗುರುತು ಅದು.

ಸುರುಳಿಯ ರಚನೆಯನ್ನು ವಿದ್ಯಾರ್ಥಿಗಳು ಕಾಗದದ ಪಟ್ಟಿಯಿಂದ ಮಾಡಿ ನೋಡಬಹುದು. ಭತ್ತದಲ್ಲಿ 80,592 ಅಕ್ಷರಗಳ ಒಂದು ದೊಡ್ಡ ಭಾಗ, 12,335 ಅಕ್ಷರಗಳ ಒಂದು ಚಿಕ್ಕ ಭಾಗ, ಇವೆರಡರ ನಡುವೆ ಕನ್ನಡಿಯ ಪ್ರತಿಬಿಂಬಗಳಂತೆ ಎದುರುಬದುರಾಗಿರುವ 20,799 ಅಕ್ಷರಗಳ ಎರಡು ತುಂಡುಗಳು. ಕೂಡಿಸಿದರೆ 1,34,525. ಪ್ರತಿಬಿಂಬದ ತುಂಡುಗಳಲ್ಲಿ ಬದಲಾವಣೆ ಅತಿ ನಿಧಾನ. ಒಂದರಲ್ಲಿ ತಪ್ಪು ಬಿದ್ದರೆ ಇನ್ನೊಂದನ್ನು ನೋಡಿ ತಿದ್ದಿಕೊಳ್ಳುವ ಅನುಕೂಲವಿರುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗಿದೆ. ಹತ್ತಿರದ ಪ್ರಭೇದಗಳ ನಡುವಿನ ವ್ಯತ್ಯಾಸಗಳನ್ನು ಹುಡುಕುವವರು ದೊಡ್ಡ ಭಾಗದಲ್ಲಿ, ಅದರಲ್ಲಿಯೂ ಜೀನು ಜೀನುಗಳ ನಡುವಿನ ಖಾಲಿ ಎಡೆಗಳಲ್ಲಿ, ಕಣ್ಣಾಡಿಸುತ್ತಾರೆ.

ಈ ಸಣ್ಣ ಸುರುಳಿಯೇ ಏಕೆ ಬೇಕು ಎಂಬುದಕ್ಕೆ ಎರಡು ಕಾರಣಗಳು. ಒಂದು, ಕೋಶಕೇಂದ್ರ ಕೋಶಕ್ಕೊಂದೇ ಇದ್ದರೆ ಇದರ ಪ್ರತಿಗಳು ಒಂದೊಂದು ಎಲೆಕೋಶದಲ್ಲಿ ನೂರಾರು, ಸಾವಿರಾರು. ಒಣಗಿದ ಎಲೆಯ ಚೂರಿನಿಂದಲೂ, ಹಳೆಯ ಹರ್ಬೇರಿಯಮ್ ಹಾಳೆಗೆ ಅಂಟಿಸಿದ ಗಿಡದಿಂದಲೂ ಇದನ್ನು ಓದಲು ಸಾಧ್ಯ. ಅಳಿದುಹೋದ ಕೆರೆಯ ಹುಲ್ಲು ಯಾವುದಾಗಿತ್ತೆಂದು ಹಾಳೆಯನ್ನು ಕೇಳಿ ತಿಳಿಯಬಹುದು, ಹಾಳೆ ಇದ್ದರೆ.

ಇನ್ನೊಂದು ಕಾರಣವನ್ನು ವಿವರಿಸಲು ಕರಾವಳಿಯ ಉದಾಹರಣೆಯೇ ಮೇಲು. ಘಟ್ಟದ ಮೇಲಿನ ಅನೇಕ ಮನೆಗಳಲ್ಲಿ ಗೋತ್ರ ತಂದೆಯಿಂದ ಮಕ್ಕಳಿಗೆ ಬರುತ್ತದೆ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಬಳಿ ಬರುವುದು ತಾಯಿಯಿಂದ. ಗಂಡಿಗೂ ತಾಯಿಯ ಬಳಿಯೇ, ಆದರೆ ಅವನು ಅದನ್ನು ಮಕ್ಕಳಿಗೆ ಕೊಡಲಾರ. ಅವನ ಮಕ್ಕಳು ಅವನ ಹೆಂಡತಿಯ ಬಳಿಯವರು. ಭತ್ತದ ಜಾತಿಯ ಹುಲ್ಲುಗಳಲ್ಲಿ ಕ್ಲೋರೋಪ್ಲಾಸ್ಟಿನ ಕಟ್ಟಳೆ ಇದೇ. ಪರಾಗ ಎಲ್ಲಿಂದಲಾದರೂ ಹಾರಿ ಬರಲಿ, ಕಾಳಿಗೆ ದೊರೆಯುವ ಹಸಿರು ಕಣ ತಾಯಿಗಿಡದ್ದು. ಹೀಗಾಗಿ ತಲೆಮಾರುಗಳು ಕಳೆದರೂ ಅಕ್ಷರಗಳು ಬೆರಕೆಯಾಗದೆ ಒಂದೇ ಸಾಲಿನಲ್ಲಿ ಇಳಿದು ಬರುತ್ತವೆ. ಕೋಶಕೇಂದ್ರದ ಗ್ರಂಥವಾದರೋ ಪ್ರತಿ ತಲೆಮಾರಿನಲ್ಲಿಯೂ ತಂದೆತಾಯಿಗಳ ಪುಟಗಳನ್ನು ಕಲಸಿ ಹೊಲಿದದ್ದು.

ಗಿಡಗಳ ಪ್ರಭೇದ ಗುರುತಿಸಲು ಇಡೀ ಸುರುಳಿಯನ್ನು ಓದುವ ಬದಲು ಎರಡು ಜೀನುಗಳ ತುಣುಕುಗಳನ್ನು ಮಾತ್ರ ಓದಿದರೆ ಸಾಕೆಂದು 2009ರಲ್ಲಿ ಅಂತರರಾಷ್ಟ್ರೀಯ ವಿಜ್ಞಾನಿಗಳ ಗುಂಪೊಂದು ಶಿಫಾರಸು ಮಾಡಿತು. ಅಂಗಡಿಯ ಸಾಮಾನಿನ ಮೇಲಿನ ಗೆರೆಗಳ ಚೀಟಿಯಂತೆ ಇದಕ್ಕೆ ಡಿಎನ್‌ಎ ಬಾರ್‌ಕೋಡ್ ಎಂದು ಹೆಸರು. ಆ ಗುಂಪು ಪರೀಕ್ಷಿಸಿದ ಪ್ರಭೇದಗಳಲ್ಲಿ ನೂರಕ್ಕೆ 72ನ್ನು ಈ ಚೀಟಿ ಬೇರ್ಪಡಿಸಿತು. ಉಳಿದ 28ರಲ್ಲಿ ಬರುವುದು ಹತ್ತಿರದ ನೆಂಟರೇ. ಕಾಡುಭತ್ತಕ್ಕೆ ಇದು ಏಕೆ ಸಾಲದೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. 2004ರಲ್ಲಿ ನಿವಾರಾದ ಕ್ಲೋರೋಪ್ಲಾಸ್ಟ್ ಜೀನೋಮ್ ಪೂರ್ತಿಯಾಗಿ ಪ್ರಕಟವಾಯಿತು: 1,34,494 ಅಕ್ಷರಗಳು, ಸಾಗುವಳಿ ಭತ್ತಕ್ಕಿಂತ 31 ಮಾತ್ರ ಕಡಮೆ. ಎರಡನ್ನೂ ಅಕ್ಕಪಕ್ಕ ಇಟ್ಟಾಗ 159 ಕಡೆ ಅಕ್ಷರ ಬದಲಾಗಿತ್ತು. 57 ಕಡೆ ಸೇರ್ಪಡೆ, 61 ಕಡೆ ಲೋಪ. ಅಂದರೆ ಅಕ್ಷರ ಬದಲಾವಣೆ ಸರಾಸರಿ 846 ಅಕ್ಷರಗಳಿಗೆ ಒಂದು. ಬಾರ್‌ಕೋಡಿನ ಎರಡು ತುಣುಕುಗಳು ಕೂಡಿ ಸುಮಾರು 1,400 ಅಕ್ಷರ. ಅಷ್ಟರಲ್ಲಿ ಸಿಕ್ಕರೆ ಒಂದೆರಡು ವ್ಯತ್ಯಾಸ. ಆ ಜೀನುಗಳು ಗಿಡಕ್ಕೆ ಅತ್ಯಗತ್ಯವಾದುದರಿಂದ ಬದಲಾವಣೆಯನ್ನು ಸುಲಭವಾಗಿ ಸಹಿಸುವುದಿಲ್ಲ, ಆದ್ದರಿಂದ ಅದೂ ಸಿಗದೆ ಹೋಗಬಹುದು. ಇಡೀ ಸುರುಳಿಯನ್ನು ಓದಿದರೆ ವ್ಯತ್ಯಾಸಗಳು ನೂರನ್ನು ದಾಟುತ್ತವೆ. ಇಂದಿನ ಯಂತ್ರಗಳಿಂದ ಇದು ದೊಡ್ಡ ಕೆಲಸವಾಗಿ ಉಳಿದಿಲ್ಲ.

ಆದರೆ ಮೇಲಿನ ಲೆಕ್ಕದಲ್ಲಿ ಒಂದು ಮೋಸ ಅಡಗಿದೆ. ಜಾಣ ವಿದ್ಯಾರ್ಥಿ ಅದನ್ನು ಹಿಡಿಯಬೇಕು. ನಿವಾರಾವನ್ನು ಹೋಲಿಸಿದ್ದು ಯಾವ ಭತ್ತದೊಂದಿಗೆ? 1989ರಲ್ಲಿ ಓದಿದ್ದು ಜಪಾನಿನ ನಿಪ್ಪೋನ್‌ಬಾರೆ, ಅಂದರೆ ಜಪೋನಿಕಾ ಬಗೆಯ ಗುಂಡುಕಾಳಿನ ಭತ್ತ. ಭಾರತದ ಬಯಲಿನ ಭತ್ತಗಳಲ್ಲಿ ಹೆಚ್ಚಿನವು ಇಂಡಿಕಾ. ಇಂಡಿಕಾದ ಕ್ಲೋರೋಪ್ಲಾಸ್ಟಿನಲ್ಲಿ ಸಾಮಾನ್ಯವಾಗಿ 69 ಅಕ್ಷರಗಳ ಒಂದು ತುಂಡು ಬಿಟ್ಟುಹೋಗಿದೆ; ಜಪೋನಿಕಾದಲ್ಲಿ ಆ ತುಂಡು ಇದೆ. 1990ರ ದಶಕದಲ್ಲಿಯೇ ಗೊತ್ತಾಗಿದ್ದ ಗುರುತು ಇದು. ಮುಂದೆ ಪೂರ್ಣ ಸುರುಳಿಗಳನ್ನು ಓದಿ ವಂಶವೃಕ್ಷ ಬರೆದಾಗ ಇಂಡಿಕಾವು ನಿವಾರಾದ ಪಕ್ಕದಲ್ಲಿಯೂ, ಜಪೋನಿಕಾವು ರೂಫಿಪೋಗಾನಿನ ಪಕ್ಕದಲ್ಲಿಯೂ ಕುಳಿತವು. ಕಾಡು ಒಂದು ಕೊಂಬೆ, ನಾಡು ಇನ್ನೊಂದು ಕೊಂಬೆ ಎಂಬ ಚಿತ್ರ ಬರಲೇ ಇಲ್ಲ. ಆದುದರಿಂದ ಆ 159 ವ್ಯತ್ಯಾಸಗಳನ್ನು ಕಾಡುಭತ್ತಕ್ಕೂ ನಾಡಭತ್ತಕ್ಕೂ ನಡುವಿನ ಗಡಿಯೆಂದು ಓದಿದರೆ ತಪ್ಪಾಗುತ್ತದೆ. ಅವು ಎರಡು ತಾಯಿಬಳಿಗಳ ನಡುವಿನ ಅಂತರ. ಪ್ರತಿ ಪ್ರಭೇದದಿಂದ ಒಂದೇ ಗಿಡವನ್ನು ಓದಿ ತೀರ್ಪು ಕೊಡುವ ಅವಸರ ವಿಜ್ಞಾನದಲ್ಲಿ ಇದೆ. ಒಂದು ಕೇರಿಯಿಂದ ಒಬ್ಬನನ್ನು ನೋಡಿ ಊರಿನ ಎತ್ತರ ಅಳೆದಂತೆ ಅದು.

ಆಸ್ಟ್ರೇಲಿಯದಲ್ಲಿ ನಡೆದ ಸಂಗತಿ ಇನ್ನೂ ಸ್ವಾರಸ್ಯವಾದದ್ದು. ಕ್ವೀನ್ಸ್‌ಲೆಂಡಿನ ಉತ್ತರ ಭಾಗದ ಜೌಗುಗಳಲ್ಲಿ ಎರಡು ಬಗೆಯ ಕಾಡುಭತ್ತಗಳಿವೆ. ಒಂದು ಅಲ್ಲಿಯದೇ ಆದ ವಾರ್ಷಿಕ ಪ್ರಭೇದ ಒರೈಸಾ ಮೆರಿಡಿಯೋನಾಲಿಸ್. ಇನ್ನೊಂದು ಬಹುವಾರ್ಷಿಕ, ನೋಡಲು ಏಷ್ಯಾದ ರೂಫಿಪೋಗಾನಿನಂತೆಯೇ ಇರುವುದರಿಂದ ಅದೇ ಹೆಸರಿನಲ್ಲಿ ಅದನ್ನು ಕರೆಯುತ್ತಿದ್ದರು. ರಾಬರ್ಟ್ ಹೆನ್ರಿ ಮತ್ತು ಸಂಗಡಿಗರು ಅದರ ಕ್ಲೋರೋಪ್ಲಾಸ್ಟ್ ಓದಿದಾಗ ಅದು ಏಷ್ಯಾದ ರೂಫಿಪೋಗಾನಿಗಿಂತ ಮೆರಿಡಿಯೋನಾಲಿಸಿಗೆ ಹತ್ತಿರವೆಂದು ಕಂಡಿತು. ಹಾಗಾದರೆ ಹೆಸರು ತಪ್ಪೇ? ಕೋಶಕೇಂದ್ರದ ಗ್ರಂಥವನ್ನು ತೆರೆದಾಗ ಅಲ್ಲಿ ಏಷ್ಯಾದ ನೆಂಟಸ್ತಿಕೆಯೇ ಕಂಡಿತು. ಎಂದೋ ಒಂದು ಕಾಲದಲ್ಲಿ ಸ್ಥಳೀಯ ತಾಯಿಗೆ ಹೊರಗಿನ ಪರಾಗ ತಗುಲಿ, ಹುಟ್ಟಿದ ಸಂತತಿಗೆ ಮತ್ತೆ ಮತ್ತೆ ಅದೇ ಪರಾಗ ಬಿದ್ದು, ಮೈಯೆಲ್ಲ ತಂದೆಯದಾಗಿ ಬಳಿ ಮಾತ್ರ ತಾಯಿಯದಾಗಿ ಉಳಿದಿರಬೇಕು. ಇದಕ್ಕೆ ಕ್ಲೋರೋಪ್ಲಾಸ್ಟ್ ವಶವಾಗುವಿಕೆ ಎನ್ನುತ್ತಾರೆ.

ಇದರ ಗಣಿತ ಸರಳ. ಕಾಡುತಾಯಿಗೆ ಗದ್ದೆಯ ಪರಾಗ ಬಿದ್ದರೆ ಮೊದಲ ತಲೆಮಾರಿನಲ್ಲಿ ಕೋಶಕೇಂದ್ರದ ಅರ್ಧ ಗದ್ದೆಯದು. ಆ ಗಿಡಕ್ಕೆ ಮತ್ತೆ ಗದ್ದೆಯ ಪರಾಗ ಬಿದ್ದರೆ ಮುಕ್ಕಾಲು. ಮೂರನೆಯದರಲ್ಲಿ ಎಂಟರಲ್ಲಿ ಏಳು ಪಾಲು. ಹೀಗೆಯೇ ನಡೆದರೆ ಐದನೆಯ ತಲೆಮಾರಿಗೆ ಸರಾಸರಿ 32ರಲ್ಲಿ 31 ಪಾಲು ಗದ್ದೆಯದಾಗಿ ಬಿಡುತ್ತದೆ. ಆದರೆ ಕ್ಲೋರೋಪ್ಲಾಸ್ಟಿನಲ್ಲಿ ಒಂದಕ್ಷರವೂ ಕದಲದೆ ಕಾಡಿನದೇ ಇರುತ್ತದೆ! ಕ್ಲೋರೋಪ್ಲಾಸ್ಟನ್ನು ಮಾತ್ರ ನೋಡಿದ ಪರೀಕ್ಷಕನು ಈ ಕೆರೆಯಲ್ಲಿ ಶುದ್ಧ ಕಾಡುಭತ್ತ ಸುರಕ್ಷಿತವಾಗಿದೆ ಎಂದು ಬರೆದುಕೊಡುತ್ತಾನೆ. ಮನೆಯ ಹಲಗೆಯ ಮೇಲೆ ಹಳೆಯ ಹೆಸರು, ಒಳಗೆ ವಾಸವಾಗಿರುವವರು ಬೇರೆ.

ಇದು ಬರಿಯ ಊಹೆಯೆಂದು ತಳ್ಳಿಹಾಕುವಂತಿಲ್ಲ. ತೈವಾನಿನ ಕಾಡುಭತ್ತ ಹೀಗೆ ಕಣ್ಮುಂದೆಯೇ ಕರಗಿತು. ಗದ್ದೆಗಳ ನಡುವೆ ಸಿಕ್ಕಿಕೊಂಡಿದ್ದ ಅಲ್ಲಿನ ಹೊಂಡಗಳ ಭತ್ತದಲ್ಲಿ ವರ್ಷ ಕಳೆದಂತೆ ಸಾಗುವಳಿ ಭತ್ತದ ಲಕ್ಷಣಗಳು ಹೆಚ್ಚುತ್ತ ಹೋದವು. ಜೊತೆಗೆ ಹೊಂಡಗಳ ನೆಲೆಯೂ ಕೆಟ್ಟಿತು. ಕೊನೆಗೆ ಅದು ಅಳಿದದ್ದನ್ನು ಕಿಯಾಂಗ್, ಆಂಟೊನೊವಿಕ್ಸ್ ಮತ್ತು ವು ಎಂಬ ವಿಜ್ಞಾನಿಗಳು 1979ರಲ್ಲಿ ದಾಖಲಿಸಿದರು. ಯಾರೂ ಬೇರು ಸಹಿತ ಕಿತ್ತು ನಾಶಮಾಡಬೇಕೆಂದು ಹೊರಟಿರಲಿಲ್ಲ. ಪಕ್ಕದಲ್ಲಿ ಗದ್ದೆ ಇತ್ತು, ಗಾಳಿ ಬೀಸುತ್ತಿತ್ತು, ಹೊಂಡ ಕಿರಿದಾಗುತ್ತ ಬಂತು, ಅಷ್ಟೇ. ಕರ್ನಾಟಕದ ಕೆರೆಯಂಗಳಗಳಲ್ಲಿ ಗದ್ದೆಗೂ ಕಾಡುಭತ್ತಕ್ಕೂ ನಡುವೆ ಎಷ್ಟೋ ಕಡೆ ಒಂದು ಹಾಳಿಯ ಅಂತರ ಮಾತ್ರ.

ದಿಕ್ಕು ತಿರುಗುವುದೂ ಉಂಟು. ಗದ್ದೆಯ ಭತ್ತಕ್ಕೆ ಕಾಡಿನ ಪರಾಗ ತಗುಲಿದರೆ ಆ ಕಾಳಿನಿಂದ ಹುಟ್ಟಿದ ಗಿಡ ಗದ್ದೆಯಲ್ಲಿಯೇ ಕಳೆಭತ್ತವಾಗಿ ನಿಲ್ಲುತ್ತದೆ. ಕೊಯ್ಲಿಗೆ ಮೊದಲೇ ಕಾಳು ಉದುರಿಸಿ ಮುಂದಿನ ವರ್ಷಕ್ಕೆ ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳುತ್ತದೆ. ಅದರ ಕ್ಲೋರೋಪ್ಲಾಸ್ಟ್ ಗದ್ದೆಯದು. ಹೀಗಾಗಿ ಕಳೆಭತ್ತದ ತಾಯಿ ಯಾರೆಂಬುದನ್ನು, ಅಂದರೆ ಕಾಡು ಗದ್ದೆಗೆ ನುಗ್ಗಿತೋ ಗದ್ದೆಯೇ ಕಾಡಿನತ್ತ ವಾಲಿತೋ ಎಂಬುದನ್ನು, ಕ್ಲೋರೋಪ್ಲಾಸ್ಟ್ ಹೇಳಬಲ್ಲದು. ಆದರೆ ಕಾಳು ಉದುರುತ್ತದೆಯೋ ಇಲ್ಲವೋ ಎಂಬುದನ್ನು ಅದು ಹೇಳಲಾರದು. ಉದುರದಿರುವ ಗುಣದ ಮುಖ್ಯ ಜೀನುಗಳಲ್ಲಿ ಒಂದಾದ ಎಸ್‌ಎಚ್ 4 ಇರುವುದು ಕೋಶಕೇಂದ್ರದಲ್ಲಿ. ಅದರೊಳಗಿನ ಒಂದೇ ಒಂದು ಅಕ್ಷರದ ಬದಲಾವಣೆ ಕಾಳನ್ನು ತೆನೆಗೆ ಕಚ್ಚಿ ನಿಲ್ಲುವಂತೆ ಮಾಡಿತೆಂದು 2006ರಲ್ಲಿ ತೋರಿಸಿಕೊಟ್ಟರು. ಒಂದಕ್ಷರದ ಮೇಲೆ ಒಕ್ಕಲುತನ ನಿಂತಿದೆ. ಆ ಅಕ್ಷರ ಹಸಿರು ಕಣದಲ್ಲಿ ಇಲ್ಲ.

ತಾಯಿಯನ್ನು ಗುರುತಿಸುವ ಈ ಶಕ್ತಿ ಹಳೆಯ ಒಗಟುಗಳನ್ನೂ ಬಿಡಿಸಿದೆ. ಅಮೆರಿಕ ಖಂಡದಲ್ಲಿ 48 ವರ್ಣತಂತುಗಳ ಮೂರು ಕಾಡುಭತ್ತಗಳಿವೆ. ಎರಡು ಬೇರೆ ಬೇರೆ ವಂಶಗಳು ಕೂಡಿ ಹುಟ್ಟಿದವು ಅವು. ಚೀನಾದ ಸಾಂಗ್ ಗೆ ಮತ್ತು ಸಂಗಡಿಗರು 1999ರಲ್ಲಿ ಕೋಶಕೇಂದ್ರದ ಎರಡು ಜೀನುಗಳನ್ನೂ ಕ್ಲೋರೋಪ್ಲಾಸ್ಟಿನ ಒಂದು ಜೀನನ್ನೂ ಜೊತೆಗಿಟ್ಟು ನೋಡಿ, ಆ ಮೂರೂ ಒಂದೇ ಮದುವೆಯ ಸಂತತಿ, ತಾಯಿ ಅಫಿಸಿನಾಲಿಸಿನ ಗುಂಪಿನದು ಎಂದು ತೀರ್ಮಾನಿಸಿದರು. ಗಮನಿಸಬೇಕಾದದ್ದು, ಅವರು ಎರಡೂ ಗ್ರಂಥಗಳನ್ನು ಓದಿದರು. ತಾಯಿಯ ಕಡೆಯ ಸಾಕ್ಷಿಯನ್ನು ಮಾತ್ರ ಕೇಳಿ ಪಂಚಾಯಿತಿ ಮುಗಿಸಲಿಲ್ಲ.

ಪ್ರಯೋಗಾಲಯದ ಕಡೆಯ ಒಂದು ಎಚ್ಚರಿಕೆಯನ್ನೂ ಇಲ್ಲಿ ಸೇರಿಸಬೇಕು. ಒಕ್ಕಲಿನವನ ಗಂಟು ಯಜಮಾನನ ಮನೆ ಸೇರುವುದು ಇಂದಿಗೂ ನಿಂತಿಲ್ಲ. ಭತ್ತದ ಹತ್ತನೆಯ ವರ್ಣತಂತುವಿನಲ್ಲಿ ಕ್ಲೋರೋಪ್ಲಾಸ್ಟ್ ಜೀನೋಮಿನ ಹೆಚ್ಚುಕಡಿಮೆ ಪೂರ್ತಿ ನಕಲೊಂದು, ಸುಮಾರು 1,31,000 ಅಕ್ಷರಗಳಷ್ಟು, ಬಂದು ಕುಳಿತಿದೆ. ಅಜಾಗರೂಕತೆಯಿಂದ ಓದಿದರೆ ಅಸಲಿನ ಬದಲು ಈ ನಕಲಿನ ಅಕ್ಷರಗಳು ಸೇರಿಕೊಂಡು ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ.

ಇಷ್ಟೆಲ್ಲ ಓದಿನ ಮೊದಲ ಮೆಟ್ಟಿಲು ಪ್ರಯೋಗಾಲಯದಲ್ಲಿ ಇಲ್ಲ, ಕೆರೆಯ ದಂಡೆಯಲ್ಲಿ ಇದೆ. ಬೇಸಿಗೆಯಲ್ಲಿ ಹೊಂಡ ಬತ್ತುತ್ತದೆಯೇ, ಹಳೆಯ ಬುಡ ಮತ್ತೆ ಚಿಗುರುತ್ತದೆಯೇ ಅಥವಾ ಬಿದ್ದ ಕಾಳಿನಿಂದ ಹೊಸ ಗಿಡ ಹುಟ್ಟುತ್ತದೆಯೇ, ಪಕ್ಕದ ಗದ್ದೆಯಲ್ಲಿ ಯಾವ ತಳಿ ಇತ್ತು, ಎರಡೂ ಒಂದೇ ವಾರದಲ್ಲಿ ಹೂ ಬಿಟ್ಟವೇ ಎಂಬುದನ್ನು ಜೀನೋಮ್ ಓದುವ ಯಂತ್ರ ಹೇಳುವುದಿಲ್ಲ. ಆ ಊರಿನವರು ಹೇಳುತ್ತಾರೆ. ದೂರದ ಜೀನ್ ಬ್ಯಾಂಕಿನಲ್ಲಿರುವ ಬೀಜದ ಪೊಟ್ಟಣಕ್ಕೆ ಈ ವಿವರಗಳಿಲ್ಲದಿದ್ದರೆ ಅದು ವಿಳಾಸವಿಲ್ಲದ ಕಾಗದ. ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರೊಡನೆ ಕೂಡಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಅದರ ಕೆಲಸ. ಆ ದಾಖಲೆಯಲ್ಲಿ ಕೆರೆಯ ಪುಟಕ್ಕೆ ‘ಹುಲ್ಲು’ ಎಂದು ಒಂದೇ ಪದ ಬರೆದು ಮುಂದೆ ಹೋದರೆ, ನಾಳೆ ಹೂಳೆತ್ತುವ ಯಂತ್ರ ದಂಡೆಯವರೆಗೆ ಬಂದಾಗ ತಡೆದು ಕೇಳಲು ಕೈಯಲ್ಲಿ ಕಾಗದವಿರುವುದಿಲ್ಲ. ಹೂಳೆತ್ತುವುದು ಬೇಡವೆಂದಲ್ಲ. ಅಂಚಿನ ತೆಳುನೀರಿನ ಪಟ್ಟಿಯನ್ನು ಬಿಟ್ಟು ನಡುವನ್ನು ತೋಡಬಹುದು. ಗುತ್ತಿಗೆದಾರನಿಗೆ ಅದು ಅನುಕೂಲವಲ್ಲ ಎಂಬುದು ಬೇರೆ ಮಾತು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವನ್ನು ಹೇಳಿ ಮುಗಿಸಬಹುದು. ಒಂದು ಹೊಂಡದಿಂದ ಒಂದೇ ಗಿಡ ಸಾಲದು. ಹತ್ತು ಹೆಜ್ಜೆಗೊಂದರಂತೆ ಹತ್ತು ಹದಿನೈದು ಗಿಡಗಳು ಬೇಕು. ಪ್ರತಿಯೊಂದರಿಂದ ಎಳೆಯ ಎಲೆಯ ಬೆರಳುದ್ದದ ಚೂರು ಕತ್ತರಿಸಿ, ತೇವ ಹೀರುವ ಸಿಲಿಕಾ ಹರಳುಗಳಿದ್ದ ಪೊಟ್ಟಣದಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಸಿಯಾಗಿ ಕಟ್ಟಿಟ್ಟರೆ ಎರಡು ದಿನದಲ್ಲಿ ಕೊಳೆತು ಓದಲು ಬಾರದಂತಾಗುತ್ತದೆ. ಅದೇ ಗಿಡದ ಬುಡ, ಎಲೆ, ತೆನೆ ಮೂರೂ ಕಾಣುವಂತೆ ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಪೊಟ್ಟಣಕ್ಕೂ ಹಾಳೆಗೂ ಒಂದೇ ಸಂಖ್ಯೆ ಬರೆಯಬೇಕು. ಹೂವು ಅರಳುವುದು ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ; ಪರಾಗಕೋಶದ ಉದ್ದವನ್ನು ಆಗಲೇ ಅಳೆದುಕೊಳ್ಳಬೇಕು, ಒಣಗಿದ ಮೇಲೆ ಅದು ಸುರುಟಿಕೊಳ್ಳುತ್ತದೆ. ಪಕ್ಕದ ಗದ್ದೆಯ ಭತ್ತದ ಒಂದು ಗಿಡವನ್ನೂ ಮರೆಯದೆ ತರಬೇಕು, ಏಕೆಂದರೆ ತಂದೆಯೆಂಬ ಗುಮಾನಿ ಅದರ ಮೇಲೆಯೇ ಇರುತ್ತದೆ. ಕಾಳು ಬೇಕಿದ್ದರೆ ತೆನೆ ಹಣ್ಣಾಗುವವರೆಗೆ ಕಾಯುವಂತಿಲ್ಲ. ಹಾಲುಗಾಳು ಗಟ್ಟಿಯಾಗುವ ಹೊತ್ತಿಗೆ ತೆನೆಗೆ ತೆಳುಬಟ್ಟೆಯ ಚೀಲ ತೊಡಿಸಿ ದಾರದಿಂದ ಕಟ್ಟಿ ಬರಬೇಕು. ಎರಡು ವಾರ ಬಿಟ್ಟು ಹೋದರೆ ಉದುರಿದ ಕಾಳೆಲ್ಲ ಚೀಲದ ತಳದಲ್ಲಿ ಸಿಗುತ್ತದೆ.